ಆನೆ ತಾಗಿದ ಮಗ್ಗುಲು

ಲಾರಿಯ ಎಡಮಗ್ಗುಲಲ್ಲಿ, ಹಿಂದಿನ ಚಕ್ರದ ಮೇಲ್ಭಾಗದಲ್ಲಿ, ಏಳು ರಿವಿಟ್‌ಗಳಿದ್ದವು ಎಂದು ನನ್ನ ನೋಟ್‌ಬುಕ್ಕಿನಲ್ಲಿ ಎರಡು ಕಡೆ ಬರೆದಿದೆ. ಇನ್ನೊಂದು ಕಡೆ ಒಂಬತ್ತು ಎಂದಿದೆ. ಮೂರು ಸಲವೂ ಬರೆದದ್ದು ಅವು ಹೋದ ಮೇಲೆ. ಇದ್ದಾಗ ಒಮ್ಮೆಯೂ ಎಣಿಸಲಿಲ್ಲ. ಹಾಗಾಗಿ ಏಳು ಎಂಬ ಅಂಕಿಯನ್ನು ಯಾರೂ ಪೂರ್ತಿ ನಂಬಬೇಕಾಗಿಲ್ಲ. ನಾನೂ ನಂಬಿಲ್ಲ.

ಲಾರಿ ಅಂದರೆ ಪ್ಲಾಸ್ಟಿಕ್ಕಿನದು. ಒಂದಕ್ಕೊಂದು ಕಚ್ಚಿಕೊಳ್ಳುವ ಸಣ್ಣ ಇಟ್ಟಿಗೆಗಳಿಂದ ಕಟ್ಟಿದ್ದು, ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದ. ನಾನು ಶಂಕರಘಟ್ಟದ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಮನೆ ಶಿವಮೊಗ್ಗದಲ್ಲಿ. ನಡುಮನೆಯ ಒಂದು ಮೂಲೆಯಲ್ಲಿ ನನ್ನ ಮೇಜಿದೆ. ಅದರ ಮೇಲೆ ವಾಹನಗಳನ್ನು ಕಟ್ಟುತ್ತೇನೆ. ಅಂಗಡಿಯ ಪೆಟ್ಟಿಗೆಯೊಳಗಿನ ಚಿತ್ರ ನೋಡಿ ಕಟ್ಟುವುದಲ್ಲ; ಬೀದಿಯಲ್ಲಿ ಓಡುವ ಗಾಡಿಯನ್ನು ನೋಡಿ, ಅಳೆದು, ಕಾಗದದ ಮೇಲೆ ಚೌಕ ಹಾಕಿ, ಇರುವ ಇಟ್ಟಿಗೆಗಳಲ್ಲಿ ಅದನ್ನು ಹೇಗೆ ತರುವುದು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವುದು. ಸಿಟಿ ಬಸ್ಸು, ಗೊಬ್ಬರದ ಮೂಟೆ ಹೊತ್ತ ಟ್ರ್ಯಾಕ್ಟರು, ಗ್ಯಾಸ್ ಸಿಲಿಂಡರಿನ ಆಟೋ ಎಲ್ಲ ಆಗಿವೆ. ಯಾವಾಗಲೂ ಚಕ್ರದಿಂದ ಶುರು. ಇಟ್ಟಿಗೆಯನ್ನು ಎಷ್ಟು ಬೇಕಾದರೂ ಜೋಡಿಸಬಹುದು, ಆದರೆ ಚಕ್ರ ಸಿಗುವುದು ನಾಲ್ಕೈದು ಅಳತೆಯಲ್ಲಿ ಮಾತ್ರ. ಕೈಗೆ ಸಿಕ್ಕ ಚಕ್ರ ಎಷ್ಟು ದೊಡ್ಡದೋ, ಗಾಡಿ ಅದಕ್ಕೆ ತಕ್ಕಷ್ಟು ದೊಡ್ಡದು.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪ್ರತಿ ಇಟ್ಟಿಗೆಯ ನೆತ್ತಿಯ ಮೇಲೆ ಪುಟ್ಟ ಪುಟ್ಟ ಮೊಟಕು ಕಂಬಗಳಿರುತ್ತವೆ. ನಮ್ಮಂಥವರು ಅವನ್ನು ಸ್ಟಡ್ ಅನ್ನುತ್ತೇವೆ. ನಿಜವಾದ ಗಾಡಿಯ ಹಾಗೆ ಕಾಣಬೇಕಾದರೆ ಅವು ಕಾಣಬಾರದು. ನನ್ನ ಲಾರಿಯ ಅಳತೆಯಲ್ಲಿ ಲೆಕ್ಕ ಹಾಕಿದರೆ ಒಂದೊಂದು ಸ್ಟಡ್ಡೂ ನಿಪ್ಪಟ್ಟಿನಷ್ಟು ಅಗಲವಾಗುತ್ತದೆ. ಮೈತುಂಬ ನಿಪ್ಪಟ್ಟು ಅಂಟಿಸಿಕೊಂಡ ಲಾರಿಯನ್ನು ಯಾರೂ ನೋಡಿಲ್ಲ. ಅದಕ್ಕೆಂದು ನುಣುಪಾದ ಬಿಲ್ಲೆಗಳು ಬರುತ್ತವೆ. ಇಟ್ಟಿಗೆಗಳನ್ನು ಅಡ್ಡ ಮಲಗಿಸಿ, ಸ್ಟಡ್‌ಗಳು ಹೊರಮುಖವಾಗುವಂತೆ ಗೋಡೆ ಕಟ್ಟಿ, ಕೊನೆಗೆ ಅದರ ಮೇಲೆ ಬಿಲ್ಲೆ ಹೊದಿಸಿದರೆ ತಗಡಿನ ಮೈ ಬರುತ್ತದೆ. ಬಿಲ್ಲೆ ಹೊದಿಸಿದ ಮೇಲೆಯೇ ಗಾಡಿ ಮುಗಿದಂತೆ. ಅಂಟು, ಬಣ್ಣ, ಕಡ್ಡಿ, ದಾರ ಯಾವುದನ್ನೂ ಸೇರಿಸಬಾರದು. ಮುಗಿಯದ್ದರ ಫೋಟೋ ತೆಗೆಯಬಾರದು. ಮೊದಲನೆಯದು ಎಲ್ಲರ ನಿಯಮ, ಎರಡನೆಯದು ನನ್ನೊಬ್ಬಳದು.

ನನ್ನ ವಿಭಾಗದಲ್ಲೇ ಕೆಲಸ ಮಾಡುವ ಗೆಳತಿಯೊಬ್ಬಳಿದ್ದಾಳೆ. ನಾನು ಹೋಗುವುದು ಭದ್ರಾವತಿಯ ಮೇಲೆ ಹಾದುಹೋಗುವ ಬಸ್ಸಿನಲ್ಲಿ. ಅವಳು ಭದ್ರಾವತಿಯಲ್ಲಿ ಹತ್ತುತ್ತಾಳೆ, ನಾನು ಸೀಟು ಹಿಡಿದಿಟ್ಟಿರುತ್ತೇನೆ. ಅವಳ ತಂದೆ ಕಾಗದದ ಕಾರ್ಖಾನೆಗೆ ಬಿದಿರು ಸಾಗಿಸುವ ಲಾರಿಯನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಓಡಿಸಿದವರು. ಮನೆ ಕಾಗದನಗರದ ಹಿಂದಿನ ಬೀದಿಯಲ್ಲಿ. ಲಾರಿ ಗುಜರಿಗೆ ಹೋಗಿ ಎಷ್ಟೋ ಕಾಲವಾಗಿದೆ. ಒಂದು ಫೋಟೋ ಸಹ ಉಳಿದಿಲ್ಲ. ಕಣ್ಣಿನ ಒತ್ತಡ ಹೆಚ್ಚಾಗುವ ಕಾಯಿಲೆಯಿಂದ ಅವರ ಎರಡು ಕಣ್ಣೂ ಹೋಗಿವೆ. ಇದನ್ನೆಲ್ಲ ಅವಳು ಬಸ್ಸಿನಲ್ಲಿ ಯಾವತ್ತೋ ಹೇಳಿದ್ದಳು. ನನ್ನ ಕಿವಿ ನಿಂತದ್ದು ಮಾತ್ರ ಲಾರಿಯ ಮೇಲೆ. ಮುಂದೆ ಮೂತಿಯಿದ್ದ ಹಳೇ ಕಾಲದ ಲಾರಿ, ಮರದ ಕ್ಯಾಬಿನ್ನು, ಹಲಗೆಯ ಮೇಲೆ ತಗಡು ಹೊಡೆದ ಬಾಡಿ, ಹಿಂದೆ ಗಜಗಟ್ಟಲೆ ಚಾಚಿಕೊಂಡ ಬಿದಿರು. ಕಟ್ಟಲು ಕಷ್ಟವಾದ ಗಾಡಿ. ನನಗೆ ಬೇಕಾಗಿದ್ದದ್ದು ಆ ಕಷ್ಟ. ಅವರ ಮೇಲಿನ ಪ್ರೀತಿಯಿಂದ ಶುರುಮಾಡಿದೆ ಎಂದು ಒಂದೆರಡು ಕಡೆ ಹೇಳಿಕೊಂಡಿದ್ದೇನೆ. ಆಗ ಅವರನ್ನು ನಾನು ನೋಡಿಯೇ ಇರಲಿಲ್ಲ.

ಅದೇ ಕಾಲದ ಲಾರಿಗಳ ಚಿತ್ರ ನೋಡಿ ಮೈ ಕಟ್ಟಿ ಎಬ್ಬಿಸಿದ ಮೇಲೆ, ಅಪ್ಪನಿಗೆ ತೋರಿಸು ಎಂದು ಗೆಳತಿ ಹಿಂದೆ ಬಿದ್ದಳು. ಇನ್ನೂ ಮುಗಿದಿಲ್ಲ, ಬಿಲ್ಲೆ ಹೊದಿಸಬೇಕು ಅಂದೆ.

“ನಿಂದು ಯಾವತ್ತು ಮುಗಿದಿದೆ ಮಾರಾಯ್ತಿ? ಇದ್ದ ಹಾಗೇ ತಗೊಂಡು ಬಾ. ಅವರೇನು ಬಣ್ಣ ನೋಡ್ತಾರಾ?”

ಒಂದು ಭಾನುವಾರ ಸಿಹಿತಿಂಡಿಯ ಖಾಲಿ ಡಬ್ಬವೊಂದರಲ್ಲಿ ಲಾರಿಯನ್ನು ಇಟ್ಟುಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ಹೋದೆ. ಮಳೆ ಬರುತ್ತಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಮಳೆ ಇರಲಿಲ್ಲ. ಬಿಸಿಲಿತ್ತು, ಡಬ್ಬದೊಳಗೆ ಹಳೇ ತುಪ್ಪದ ವಾಸನೆಯಿತ್ತು.

ಅವರು ಕಿಟಕಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ದೊಡ್ಡ ಮೈಕಟ್ಟು, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ. ನಾನು ಚಾಚಾ ಎಂದೆ, ಅವರು ಮೊದಲ ಮಾತಿಗೇ ಬೇಟಿ ಎಂದರು. ಮುಂದೆ ಸ್ಟೂಲಿನ ಮೇಲೆ ಲಾರಿ ಇಟ್ಟೆ. ಅವರು ಕೂಡಲೇ ಮುಟ್ಟಲಿಲ್ಲ. ಯಾವ ಕಡೆ ಮೂತಿ ಇದೆ ಎಂದು ಕೇಳಿದರು. ಅವರ ಕಡೆಗೆ ಎಂದೆ. ಆಗ ಎರಡೂ ಕೈಗಳನ್ನು ಬಾನೆಟ್ಟಿನ ಮೇಲಿಟ್ಟು, ಬಲಗೈಯನ್ನು ಹಾಗೇ ಲಾರಿಯ ಮೈಗೆ ತಾಗಿಸಿಕೊಂಡು ಹಿಂದಕ್ಕೆ ನಡೆಸಿದರು. ಆಮೇಲೆ ಗೊತ್ತಾಯಿತು, ಅದು ಅವರ ಬೆಳಗಿನ ಕ್ರಮ. ಗಾಡಿ ತೆಗೆಯುವ ಮುಂಚೆ ಡ್ರೈವರ್ ಸುತ್ತ ಒಂದು ಸುತ್ತು ಬರುತ್ತಾನೆ. ಒಂದು ಕೈಯಲ್ಲಿ ರಾಡು, ಅದರಿಂದ ಟೈರಿಗೆ ಬಡಿದು ಸದ್ದು ಕೇಳುವುದು. ಇನ್ನೊಂದು ಕೈ ಬಾಡಿಯ ಮೇಲೆ. ಇಪ್ಪತ್ತು ವರ್ಷದ ಬೆಳಗುಗಳಲ್ಲಿ ಆ ಕೈ ಅದೇ ದಾರಿಯಲ್ಲಿ ಹೋಗಿತ್ತು.

ಬಾಡಿಯ ಗೋಡೆಗೆ ಬಂದಾಗ ಕೈ ನಿಂತಿತು. ಬೆರಳ ತುದಿಗಳು ಸ್ಟಡ್‌ಗಳ ಮೇಲೆ ಒಂದೊಂದಾಗಿ ಹತ್ತಿ ಇಳಿದವು.

“ರಿವಿಟ್ ಎಲ್ಲಾ ಹಾಕಿದ್ದೀಯಲ್ಲ ಬೇಟಿ. ಯಾರು ಹೇಳಿದ್ರು ನಿಂಗೆ?”

ಯಾರೂ ಹೇಳಿರಲಿಲ್ಲ. ಅವು ರಿವಿಟ್‌ಗಳಲ್ಲ, ಇನ್ನೂ ಮುಚ್ಚದೆ ಉಳಿದವು. ಬಣ್ಣ ಯಾವುದು ಹಾಕಿದ್ದೀಯ ಎಂದು ಕೇಳಿದರು. ಅವರ ಲಾರಿ ಕಿತ್ತಳೆ ಬಣ್ಣದ್ದು. ನನ್ನ ಹತ್ತಿರ ಅಷ್ಟು ಕಿತ್ತಳೆ ಇಟ್ಟಿಗೆಗಳಿರಲಿಲ್ಲ; ಕ್ಯಾಬಿನ್ ಅರ್ಧ ಹಳದಿ, ಬಾಡಿಯಲ್ಲಿ ಬೂದು, ನೀಲಿ, ಎಲ್ಲ ಬೆರಕೆ. ಕಿತ್ತಳೆಯೇ ಚಾಚಾ ಎಂದೆ. ಗೆಳತಿ ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ಒಳಗೆ ಹೋದಳು. ಮರುದಿನ ಬಸ್ಸಿನಲ್ಲಿ, ನಿನ್ನ ಕಿತ್ತಳೆ ಲಾರಿ ಹೋಳಿ ಆಡಿ ಬಂದ ಹಾಗಿದೆ ಎಂದು ಶಂಕರಘಟ್ಟ ಬರುವವರೆಗೂ ನಕ್ಕಳು.

ಆ ಸುಳ್ಳಿನಿಂದ ಯಾರಿಗೂ ಏನೂ ಆಗಲಿಲ್ಲ. ಆದದ್ದು ಬೇರೆ ಕಡೆಯಿಂದ.

ಆಮೇಲೆ ಎಷ್ಟು ಭಾನುವಾರಗಳು ಹೋದೆನೋ ಸರಿಯಾಗಿ ಹೇಳಲಾರೆ. ಐದು ಎಂದುಕೊಂಡಿದ್ದೇನೆ. ಗೆಳತಿ ಎಂಟು ಅನ್ನುತ್ತಾಳೆ. ಪ್ರತಿ ಸಲವೂ ಅವರು ಸುತ್ತು ಬರುತ್ತಾ ಹೇಳುತ್ತಿದ್ದರು, ನಾನು ತಿದ್ದುತ್ತಿದ್ದೆ. ಇಲ್ಲಿ ರಿವಿಟ್ ಇಲ್ಲ, ಸಾದಾ ತಗಡು; ನಾನು ಅಲ್ಲೊಂದು ಬಿಲ್ಲೆ ಹಾಕುತ್ತಿದ್ದೆ. ಇಲ್ಲಿಂದ ಇಲ್ಲಿಯವರೆಗೆ ಸಾಲಾಗಿ ರಿವಿಟ್, ಅಲ್ಲಿ ಬಿಡುತ್ತಿದ್ದೆ. ಬಲಗಡೆಯ ಬಾಗಿಲಿನ ಕೆಳಗೆ ಒಂದು ರಿವಿಟ್ ಅರ್ಧ ಕಿತ್ತು ಎದ್ದಿತ್ತು, ಅಲ್ಲಿ ಲುಂಗಿ ಸಿಕ್ಕಿ ಹರಿಯುತ್ತಿತ್ತಂತೆ. ಅದೂ ಬಂತು. ಹೀಗೆ ಮೈಯೆಲ್ಲ ಅರ್ಧ ಮುಚ್ಚಿ ಅರ್ಧ ಬಿಟ್ಟು, ನೋಡುವವರಿಗೆ ಕಜ್ಜಿ ಹತ್ತಿದ ನಾಯಿಯ ಹಾಗೆ ಕಾಣುವ ಒಂದು ಲಾರಿ ತಯಾರಾಯಿತು. ಅವರ ಕೈ ಮಾತ್ರ ಅದರ ಮೇಲೆ ಎಲ್ಲೂ ತಡವರಿಸುತ್ತಿರಲಿಲ್ಲ.

ಎಡಮಗ್ಗುಲಿನಲ್ಲಿ, ಹಿಂದಿನ ಚಕ್ರದ ಮೇಲೆ, ರಿವಿಟ್ ಹೊಡೆದು ಕೂರಿಸಿದ್ದ ತಗಡಿನ ತೇಪೆ ಆನೆಯದು. ತೀರ್ಥಹಳ್ಳಿಯ ಕಡೆಯಿಂದ ಹಸಿ ಬಿದಿರು ತುಂಬಿಕೊಂಡು ಬರುವಾಗ ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಚಹಾಕ್ಕೆ ನಿಲ್ಲಿಸಿದ್ದರು. ತುಂಗೆಯಲ್ಲಿ ಮಿಂದು ಬರುತ್ತಿದ್ದ ಬಿಡಾರದ ಆನೆಯೊಂದು ಹೊರೆಯಿಂದ ಬಿದಿರೊಂದನ್ನು ಎಳೆಯಿತು. ಬರಲಿಲ್ಲ. ಹಗ್ಗ ಬಿಗಿ ಕಟ್ಟಿತ್ತು. ಆನೆ ಹಣೆಯನ್ನು ಬಾಡಿಗೆ ಒತ್ತಿ ಇನ್ನೊಮ್ಮೆ ಎಳೆದಾಗ ಹಲಗೆ ಮುರಿದು ತಗಡು ಒಳಗೆ ಹೋಯಿತು. ಮಾವುತ ಬೈದ, ಆನೆ ಬಿದಿರು ತಿಂದಿತು, ಇವರು ಚಹಾ ಚೆಲ್ಲಿಕೊಂಡರು. ಲಾರಿ ಮಾಲೀಕ ನಂಬಲಿಲ್ಲ. ಎಲ್ಲೋ ಮರಕ್ಕೆ ಹೊಡೆದು ಆನೆಯ ಮೇಲೆ ಹಾಕುತ್ತಿದ್ದಾನೆ ಎಂದ. ಇವರು ಹಟ ಹಿಡಿದು ಮಾಲೀಕನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಬಿದಿರಿನ ಲೋಡಿನ ಜೊತೆ ಸಕ್ರೆಬೈಲಿಗೆ ಹೋದರು. ಅದೇ ಆನೆ, ಅದೇ ಮಗ್ಗುಲಿಗೆ ಬಂದು ನಿಂತಿತು. ಮಾಲೀಕ ಬಲಗಡೆಯ ಬಾಗಿಲಿನಿಂದ, ಡ್ರೈವರಿನ ಮೈ ಹತ್ತಿ ಇಳಿದು ಓಡಿದನಂತೆ. ಆಮೇಲೆ ತಾನೇ ದುಡ್ಡು ಕೊಟ್ಟು ತೇಪೆ ಹೊಡೆಸಿದ.

“ಅವತ್ತಿಂದ ಆ ತೇಪೆ ಮೇಲೆ ಕೈ ಇಟ್ಟೇ ಗಾಡಿ ತೆಗೀತಿದ್ದೆ. ಇಲ್ಲಿ ನೋಡು,” ಎಂದು ನನ್ನ ಬೆರಳನ್ನು ಹಿಡಿದು ಸ್ಟಡ್‌ಗಳ ಮೇಲೆ ಆಡಿಸಿದರು, “ಇದು ಮಾಲೀಕ ತಪ್ಪು ಒಪ್ಕೊಂಡಿದ್ದು.”

ತೇಪೆಯ ರಿವಿಟ್‌ಗಳು ನೇರ ಸಾಲಾಗಿರಲಿಲ್ಲ. ಹೊಡೆದವನು ಅವಸರದಲ್ಲಿ ಹೊಡೆದಿದ್ದ. ಅದನ್ನು ತರಲು ಒಂದಿಡೀ ಮಧ್ಯಾಹ್ನ ಹಿಡಿಯಿತು. ಒಂಟಿ ಸ್ಟಡ್ಡಿನ ಚೂರುಗಳನ್ನು ಕಾಲು ಇಂಚು ಆಚೀಚೆ ಸರಿಸುತ್ತಾ ಕೂತಿದ್ದೆವು. ಸರಿಯಾದಾಗ ಅವರು ಕೈ ಅಲ್ಲೇ ಇಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿದರು. ಗೆಳತಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಳು. ಬಿದಿರಿಗೆ ಪ್ಲಾಸ್ಟಿಕ್ ಕೊಳವೆ ಬದಲು ಊದಿನಕಡ್ಡಿ ಹಾಕಬಹುದಲ್ಲ, ಅದು ಬಿದಿರೇ ಅಲ್ಲವೇ ಎಂದು ಅವರು ಕೇಳಿದ್ದು ಆ ಮಧ್ಯಾಹ್ನವೇ. ನಿಯಮದಲ್ಲಿ ಇಲ್ಲ ಎಂದೆ. ಮತ್ತೆ ಕೇಳಲಿಲ್ಲ.

ಎಲ್ಲಿ ಎಷ್ಟು ಎಂದು ನಾನು ಆಗ ಬರೆದಿಡಬೇಕಿತ್ತು. ಲಾರಿಯೇ ಬರಹ ಎಂದುಕೊಂಡಿದ್ದೆ. ಬರೆದಿಟ್ಟ ನೆನಪನ್ನು ನಾನು ನಂಬುವವಳಲ್ಲ. ವಾಕ್ಯವಾದ ಕೂಡಲೇ ಅದು ಚಂದ ಕಾಣಲು ಶುರುಮಾಡುತ್ತದೆ ಎಂದು ಜಂಬದಿಂದ ಹೇಳಿಕೊಂಡು ತಿರುಗುತ್ತಿದ್ದ ಕಾಲ. ವಸ್ತು ಸುಳ್ಳು ಹೇಳುವುದಿಲ್ಲ ಎಂದುಕೊಂಡಿದ್ದೆ. ಹೇಳುವುದಿಲ್ಲ, ನಿಜ. ಆದರೆ ಅದನ್ನು ಬಿಚ್ಚಬಹುದು.

ನಾನೊಂದು ಗುಂಪಿನಲ್ಲಿದ್ದೇನೆ, ಊರೂರಿನ ಇಟ್ಟಿಗೆಯವರು ತಮ್ಮ ಗಾಡಿಗಳ ಚಿತ್ರ ಹಾಕುವ ಗುಂಪು. ಮುಗಿದ ಲಾರಿಗಳ ಚಿತ್ರ ಕಳಿಸಿ ಎಂದು ಅಲ್ಲಿ ಕೇಳಿದ್ದರು. ಅವರು ಒತ್ತಾಯ ಮಾಡಿದರು ಎಂದು ಗೆಳತಿಗೆ ಹೇಳಿದ್ದೇನೆ. ಯಾರೂ ಮಾಡಲಿಲ್ಲ. ಅಷ್ಟರಲ್ಲಿ ತರಿಸಿದ್ದ ಕಿತ್ತಳೆ ಇಟ್ಟಿಗೆಗಳೂ ಬಿಲ್ಲೆಗಳೂ ಬಂದಿದ್ದವು. ಚಾಚಾಗೆ ಹೇಳಿದ ಬಣ್ಣವನ್ನು ನಿಜ ಮಾಡುತ್ತಿದ್ದೇನೆ ಎಂದೂ ಹೇಳಿಕೊಂಡೆ. ಅದರಲ್ಲಿ ಒಂದು ಪಾಲು ನಿಜವಿರಬಹುದು. ಒಂದು ಶನಿವಾರ ಬೆಳಗ್ಗೆ ಶುರುಮಾಡಿ ಸಂಜೆಯೊಳಗೆ ಕ್ಯಾಬಿನ್ನನ್ನೂ ಬಾಡಿಯ ಗೋಡೆಗಳನ್ನೂ ಬಿಚ್ಚಿ, ಕಿತ್ತಳೆಯಲ್ಲಿ ಮತ್ತೆ ಕಟ್ಟಿ, ಮೇಲೆ ಒಂದೂ ಬಿಡದೆ ಬಿಲ್ಲೆ ಹೊದಿಸಿದೆ. ತೇಪೆ ಬಿಚ್ಚುವಾಗ ಕೈ ತಡೆಯಿತೇ? ತಡೆಯಿತು ಎಂದು ಬರೆದರೆ ನನಗೆ ಅನುಕೂಲ. ನೆನಪಿರುವುದು ಇಷ್ಟೇ: ಆ ಚೂರುಗಳು ಬಿಗಿಯಾಗಿದ್ದವು, ಉಗುರು ಸಾಲದೆ ಚಾಕುವಿನ ತುದಿ ಹಾಕಿ ಎಬ್ಬಿಸಿದೆ, ಬಣ್ಣವಾರು ಡಬ್ಬಿಗೆ ಹಾಕಿದೆ. ಎಣಿಸಲಿಲ್ಲ.

ಲಾರಿ ಚೆನ್ನಾಗಿ ಬಂದಿತ್ತು. ಅದನ್ನೂ ಹೇಳಬೇಕು. ಕಿಟಕಿಯ ಬೆಳಕು ತಗಡಿನ ಮೇಲೆ ಬಿದ್ದ ಹಾಗೆಯೇ ಬೀಳುತ್ತಿತ್ತು. ಗುಂಪಿನಲ್ಲಿ ಹೊಗಳಿದರು. ಇದು ಇಟ್ಟಿಗೆಯದ್ದು ಎಂದು ನಂಬಲಾಗುವುದಿಲ್ಲ ಎಂದು ಒಬ್ಬರು ಬರೆದರು. ಅದನ್ನು ನಾನು ಆ ದಿನ ಬಹಳ ಸಲ ಓದಿದೆ.

ಮುಂದಿನ ಭಾನುವಾರ ಚಾಚಾರ ಮುಂದೆ ಇಟ್ಟೆ. ಬಾನೆಟ್ಟಿನಿಂದ ಶುರುವಾದ ಕೈ ಬಾಡಿಗೆ ಬರುತ್ತಿದ್ದಂತೆ ಜಾರಿತು. ಜಾರಿ ಹಿಂದಿನ ಚಕ್ರದವರೆಗೂ ಹೋಗಿಬಿಟ್ಟಿತು. ಅವರು ನಕ್ಕರು.

“ಯಾರ ಗಾಡಿ ಬೇಟಿ ಇದು? ಶೋರೂಮಿಂದ ತಂದ್ಯಾ?”

“ನಿಮ್ದೇ ಚಾಚಾ. ಮುಗೀತು. ಈಗ ಪೂರ್ತಿ ಕಿತ್ತಳೆ.”

“ಮೊದ್ಲೂ ಕಿತ್ತಳೆನೇ ಅಂದಿದ್ದೆಯಲ್ಲ.”

ಅವರು ಇನ್ನೊಮ್ಮೆ ಮೂತಿಯಿಂದ ಶುರುಮಾಡಿದರು. ಎಡಮಗ್ಗುಲಲ್ಲಿ, ಹಿಂದಿನ ಚಕ್ರದ ಮೇಲೆ, ಬೆರಳುಗಳು ಹುಡುಕಿದವು. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ. ಮೂರನೇ ಸಲವೂ ಸಿಗದಿದ್ದಾಗ ಕೈಗಳನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮಗಳನ್ನು ಕರೆದು ನನಗೆ ಚಹಾ ಕೊಡಲು ಹೇಳಿದರು. ಬಸ್ಸಿನಲ್ಲಿ ಜನ ಇದ್ದರಾ ಎಂದು ವಿಚಾರಿಸಿದರು. ಲಾರಿಯ ಮಾತು ಮತ್ತೆ ಬರಲಿಲ್ಲ.

ಗೆಳತಿ ಮರುದಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಟಿಕೆಟ್ ತೆಗೆದುಕೊಂಡು, ಚಿಲ್ಲರೆಯನ್ನು ಪರ್ಸಿಗೆ ಹಾಕಿ ಜಿಪ್ ಎಳೆದ ಮೇಲೆ ಕೇಳಿದಳು.

“ಅಬ್ಬಾಗೆ ಕಣ್ಣಿಲ್ಲ ಅಂತ ನಿಂಗೆ ಗೊತ್ತಿತ್ತಲ್ಲ. ಮತ್ತೆ ಯಾರು ನೋಡ್ಲಿ ಅಂತ ಮಾಡ್ದೆ?”

ಮತ್ತೆ ಮೊದಲಿನ ಹಾಗೆ ಮಾಡಿ ತರುತ್ತೇನೆ, ಒಂದು ವಾರದ ಕೆಲಸ ಎಂದೆ. ಅದು ಸುಳ್ಳಲ್ಲ, ಹಾಗೇ ನಂಬಿದ್ದೆ. ಬಿಲ್ಲೆ ಕೀಳುವುದು ಸುಲಭ. ಕಿತ್ತ ಮೇಲೆ ಗೋಡೆ ತುಂಬ ಸ್ಟಡ್‌ಗಳು ಎದ್ದವು, ಎಲ್ಲವೂ ಒಂದೇ ಸಮ. ಇವುಗಳಲ್ಲಿ ಯಾವುದನ್ನು ಮುಚ್ಚಿದ್ದೆವು, ಯಾವುದನ್ನು ಬಿಟ್ಟಿದ್ದೆವು? ಬಲಗಡೆಯದು ಸುಮಾರಾಗಿ ಬಂತು. ಲುಂಗಿ ಹರಿಯುವ ರಿವಿಟ್ ನೆನಪಿತ್ತು. ಎಡಗಡೆ ಏನೂ ಇಲ್ಲ. ಆನೆಯ ಕಥೆ ಮಾತು ಮಾತೂ ನೆನಪಿದೆ, ಮಾಲೀಕ ಯಾವ ಬಾಗಿಲಿನಿಂದ ಹಾರಿದ ಎನ್ನುವುದೂ. ತೇಪೆ ನೆನಪಿಲ್ಲ. ಕಥೆ ಕೇಳುತ್ತಾ ನಾನು ಕಥೆಯನ್ನು ಇಟ್ಟುಕೊಂಡು, ಕೈ ಕೆಳಗಿದ್ದದ್ದನ್ನು ಬಿಟ್ಟಿದ್ದೆ.

ಗೆಳತಿಯ ಫೋಟೋ ಇತ್ತಲ್ಲ. ಕಳಿಸಿಕೊಂಡೆ. ಲಾರಿಯ ಎಡಮಗ್ಗುಲೇ ಅದರಲ್ಲಿದೆ, ಬೆಳಕೂ ಚೆನ್ನಾಗಿದೆ. ತೇಪೆಯ ಮೇಲೆ ಚಾಚಾರ ಅಂಗೈ ಇದೆ. ದೊಡ್ಡ ಕೈ, ಎಲ್ಲವನ್ನೂ ಮುಚ್ಚಿದೆ. ತೋರುಬೆರಳು ಮತ್ತು ನಡುಬೆರಳಿನ ಸಂದಿಯಲ್ಲಿ ಎರಡು ಸ್ಟಡ್, ಹೆಬ್ಬೆರಳಿನ ಕೆಳಗೆ ಅರ್ಧ. ನೋಟ್‌ಬುಕ್ಕಿನ ಏಳು, ಏಳು, ಒಂಬತ್ತು ಎಲ್ಲ ಆ ಎರಡೂವರೆಯಿಂದ ಊಹಿಸಿದ್ದು.

ಏಳರ ತೇಪೆ ಹಾಕಿ ತೆಗೆದುಕೊಂಡು ಹೋದೆ. ಚಾಚಾ ಬೆರಳಿಟ್ಟರು. ಹತ್ತಿರ ಬಂದಿದೆ, ಇದಲ್ಲ ಎಂದರು. ಹೇಗಿತ್ತು ಹೇಳಿ, ಹಾಗೇ ಇಡುತ್ತೇನೆ ಎಂದೆ. ಅವರು ಹೇಳಲು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. ಕೊನೆಗೆ ಒಂಟಿ ಸ್ಟಡ್ಡಿನ ಚೂರುಗಳನ್ನು ನನ್ನಿಂದ ತಟ್ಟೆಯಲ್ಲಿ ಹಾಕಿಸಿಕೊಂಡು, ತಾವೇ ಒಂದೊಂದಾಗಿ ಒತ್ತತೊಡಗಿದರು. ಒತ್ತುವುದು, ಸವರುವುದು, ಕೀಳುವುದು. ಚೂರುಗಳು ನೆಲಕ್ಕೆ ಬೀಳುತ್ತಿದ್ದವು, ನಾನು ಕುರ್ಚಿಯ ಕೆಳಗೆ ಬಗ್ಗಿ ಆರಿಸಿಕೊಡುತ್ತಿದ್ದೆ. ಗೆಳತಿ ಬಾಗಿಲಲ್ಲಿ ನಿಂತಿದ್ದಳು. ಇದು ಮೂರು ಭಾನುವಾರ ನಡೆಯಿತು.

“ಮೊದ್ಲು ನನ್ನ ಗಾಡಿ ಕೈಯಲ್ಲಿತ್ತು,” ಎಂದರು ಮೂರನೆಯ ಭಾನುವಾರ. ದೂರುವ ದನಿಯಲ್ಲ, ಎಂಜಿನ್ನಿನ ತೊಂದರೆಯನ್ನು ಮೆಕ್ಯಾನಿಕ್ಕಿಗೆ ವಿವರಿಸುವ ಹಾಗೆ. “ನೀನು ಮಾಡಿದ್ದು ಬಂದ ಮೇಲೆ ಕೈ ಅದನ್ನೇ ಹಿಡ್ಕೊಳ್ತು, ಹಳೇದನ್ನ ಬಿಡ್ತು. ಈಗ ಅದೂ ಇಲ್ಲ, ಇದೂ ಇಲ್ಲ.”

ಕಣ್ಣು ಹೋದ ಮೇಲೆ ಅವರಿಗೆ ಉಳಿದಿದ್ದ ಗಾಡಿಯನ್ನು ನಾನು ಎರಡು ಸಲ ತೆಗೆದೆ ಎಂದಾಯಿತು. ಮೊದಲನೆಯ ಸಲ ಚೆನ್ನಾಗಿ ಮಾಡಿ, ಎರಡನೆಯ ಸಲ ಮುಗಿಸಿ. ಕ್ಷಮೆ ಕೇಳಿದೆ. ಸಣ್ಣ ವಿಷಯಕ್ಕೆ ಯಾಕೆ ಎಂದು ಅವರು ತಟ್ಟೆಯನ್ನು ನನ್ನ ಕಡೆ ಸರಿಸಿದರು.

“ಅಲ್ಲಿ ಖಾಲಿ ಬಿಡು ಬೇಟಿ. ಆನೆ ಇನ್ನೂ ಬಂದಿಲ್ಲ ಅಂದ್ಕೋತೀನಿ.”

ಆ ಜಾಗಕ್ಕೆ ನಾಲ್ಕು ಬಿಲ್ಲೆ ಹಾಕಿದೆ. ಬಿದಿರಿನ ಕೊಳವೆಗಳನ್ನು ತೆಗೆದು ಊದಿನಕಡ್ಡಿಗಳನ್ನು ದಾರದಿಂದ ಕಟ್ಟಿಟ್ಟೆ, ಕೇಳಿದಾಗ ಮಾಡದೆ ಈಗ. ಅವರು ಮೂಸಿ ನೋಡಿ, ಪರಿಮಳ ಜಾಸ್ತಿಯಾಯಿತು, ಕಾರ್ಖಾನೆಯವರು ತೂಕ ಮಾಡುವುದಿಲ್ಲ ಎಂದರು. ಗೆಳತಿ ನಕ್ಕಳು. ನಾನು ಲಾರಿಯನ್ನು ಅಲ್ಲೇ ಬಿಟ್ಟು ಬಂದೆ.

ಅದು ಈಗಲೂ ಅವರ ಕಿಟಕಿಯ ಹತ್ತಿರ ಸ್ಟೂಲಿನ ಮೇಲಿದೆ. ಯಾವಾಗಲಾದರೂ ಹೋಗುತ್ತೇನೆ. ಹೋದ ತಿಂಗಳು ನೆಂಟರ ಪೈಕಿ ಯಾರೋ ಬಂದಿದ್ದರು. ಆನೆ ಲಾರಿಗೆ ಗುದ್ದಿದ ಕಥೆ ಹೇಳಿ ಎಂದು ಕೇಳಿದರು. ಚಾಚಾ ಲಾರಿಯ ಕಡೆ ಮುಖ ತಿರುಗಿಸಿ, “ಅದು ಆಮೇಲೆ,” ಎಂದರು. ನೆಂಟರು ಊಟವಾದ ಮೇಲೆ ಹೇಳುತ್ತಾರೆ ಎಂದುಕೊಂಡು ಕಾದರು. ಊಟವಾಯಿತು, ಅವರು ಹೊರಟೂ ಆಯಿತು, ಚಾಚಾ ಹೇಳಲಿಲ್ಲ.

ಬೆಳಗ್ಗೆ ಚಹಾ ಕುಡಿದ ಮೇಲೆ ಈಗಲೂ ಒಂದು ಸುತ್ತು ಬರುತ್ತಾರಂತೆ. ಬಾನೆಟ್ಟಿನಿಂದ ಶುರುಮಾಡಿ, ಬಲಮಗ್ಗುಲನ್ನು ಸವರಿ, ಲುಂಗಿ ಹರಿಯುವ ರಿವಿಟ್ಟಿನ ಹತ್ತಿರ ಬೆರಳು ಎತ್ತಿ ದಾಟಿಸಿ, ಹಿಂದಿನ ಡೋರಿನವರೆಗೆ. ಎಡಮಗ್ಗುಲಿಗೆ ತಿರುಗುವ ಮುಂಚೆ ಅಲ್ಲೇ ಕೈ ತೆಗೆಯುತ್ತಾರೆ.